ಎಣ್ಣೆ ಹಚ್ಚಿದ ಮೇಲಿನ ಹೊತ್ತು

ಹಟ್ಟಿ
೧೪ ಜೂನ್ ೧೯೪೫

ಅಪ್ಪನವರ ಪಾದಕ್ಕೆ ಮಾರ್ತಾ ಮಾಡುವ ನಮಸ್ಕಾರ.

ನಿನ್ನೆ ಸಂತ ಅಂತೋನಿಯವರ ಹಬ್ಬ. ಮುದಗಲ್ಲಿನಲ್ಲಿ ನೀವು ಗುಡಿಯ ಗಂಟೆ ಬಾರಿಸಿ, ಪಾದ್ರಿ ಸ್ವಾಮಿಗಳ ಪೂಜೆಗೆ ಮೇಣದ ಬತ್ತಿ ಹಚ್ಚಿ, ಆಮೇಲೆ ಬಡವರಿಗೆ ರೊಟ್ಟಿ ಹಂಚಿರುತ್ತೀರಿ. ಇಲ್ಲಿ ನಮಗೆ ಗುಡಿಯಿಲ್ಲ. ಗಣಿಯ ಸೈರನ್ನೇ ನನಗೆ ಗಂಟೆ. ಬೆಳಗಿನ ಪಾಳಿಗೆ ಅದು ಕೂಗಿದಾಗ ಶಿಲುಬೆಯ ಗುರುತು ಹಾಕಿಕೊಂಡು ಏಳುತ್ತಿದ್ದೆ. ಈಗ ಕೆಲವು ದಿನದಿಂದ ಗುರುತು ಹಾಕಿಕೊಳ್ಳುವುದಷ್ಟೇ, ಏಳುವುದಾಗುತ್ತಿಲ್ಲ.

ಸುತ್ತಿ ಬಳಸಿ ಬರೆಯುವುದನ್ನು ನೀವು ನನಗೆ ಕಲಿಸಲಿಲ್ಲ. ಲಿಂಗಸೂಗೂರಿನ ದವಾಖಾನೆಗೆ ಹೋಗಿದ್ದೆವು. ಡಾಕ್ಟರು ನನ್ನ ಎದೆ ಬೆನ್ನು ತಟ್ಟಿ ನೋಡಿ, ಇವರನ್ನು ಹೊರಗೆ ಕರೆದುಕೊಂಡು ಹೋಗಿ ಮಾತಾಡಿದರು. ಕಿಟಕಿ ತೆರೆದಿತ್ತು ಅಪ್ಪ. ಕ್ಷಯ ಎಂದರು. ಎರಡೂ ಕಡೆ ಹಿಡಿದಿದೆ, ಮಳೆಗಾಲ ದಾಟಿದರೆ ಅದೇ ಹೆಚ್ಚು ಎಂದರು. ಇವರು ಒಳಗೆ ಬಂದು, "ಏನಿಲ್ಲ ಬಿಡ, ಹಾಲು ತತ್ತಿ ತಿನ್ನಾಕ ಹೇಳ್ಯಾರ," ಎಂದರು. ನಾನೂ ಹೂಂ ಎಂದೆ. ಮೋಟಾರಿನಲ್ಲಿ ಹಿಂದಿರುಗುವಾಗ ಜನ ನೋಡುತ್ತಿದ್ದರೂ ನನ್ನ ಕೈ ಬಿಡಲಿಲ್ಲ. ಮದುವೆಯಾದಾಗಿನಿಂದ ಜನರೆದುರು ನನ್ನ ಹೆಸರು ಹಿಡಿದು ಕರೆದವರೂ ಅಲ್ಲ ನಿಮ್ಮ ಅಳಿಯ ಲಾಲಪ್ಪನವರು.

ಆದ್ದರಿಂದ ನನ್ನದೊಂದು ಮಾತು ನಡೆಸಿಕೊಡಬೇಕು. ನಮ್ಮ ಸ್ವಾಮಿಗಳಿಗೆ ಹೇಳಿ, ರೋಗಿಗಳಿಗೆ ಹಚ್ಚುವ, ಜನ ಕಡೆಯ ಎಣ್ಣೆ ಎನ್ನುವ ಆ ಪವಿತ್ರ ಎಣ್ಣೆಯೊಂದಿಗೆ ಒಮ್ಮೆ ಇಲ್ಲಿಗೆ ಕರೆದುಕೊಂಡು ಬನ್ನಿ. ಅವರಿಗೇ ಬರೆಯುತ್ತಿದ್ದೆ. ಆದರೆ ಅವರು ಗೋವೆಯವರು, ಕನ್ನಡ ಅಕ್ಷರ ಓದಲಾರರು. ಯಾವ ಕಾಗದ ಬಂದರೂ ಉಪದೇಶಿಯಾದ ನಿಮ್ಮ ಕೈಗೇ ಕೊಟ್ಟು ಓದಿಸುತ್ತಾರೆ. ಹೆದರಬೇಡಿ, ನಾನು ಇಂದು ನಾಳೆ ಹೋಗುವವಳಲ್ಲ. ಆ ಎಣ್ಣೆ ಕಣ್ಣಿಗೆ, ಕಿವಿಗೆ, ಕೈಗೆ ತಾಗಿದರೆ ನನಗೆ ಧೈರ್ಯ ಬರುತ್ತದೆ. ಕೆಮ್ಮು ಹತ್ತಿ ಉಸಿರು ಸಿಗದೇ ಹೋದಾಗ ಮೊದಲು ಓಡಿಹೋಗುವುದು ಧೈರ್ಯವೇ. ಬೇಗ ಬನ್ನಿ.

ನಿಮ್ಮ ಮಗಳು
ಮಾರ್ತಾ


ಮುದಗಲ್
೨೩ ಜೂನ್ ೧೯೪೫

ಮಗಳು ಮಾರ್ತಾಳಿಗೆ ಇನ್ನಾಸಪ್ಪನ ಆಶೀರ್ವಾದ.

ನಿನ್ನ ಕಾಗದವನ್ನು ಪೀರ್‌ಸಾಬ್ ತಂದುಕೊಟ್ಟ. ಅವನ ಮೋಟಾರು ಇದ್ದಿಲಿನ ಮೇಲೆ ಓಡುವುದರಿಂದ ಕಾಗದಕ್ಕೂ ಹೊಗೆಯ ವಾಸನೆ ಹಿಡಿದಿತ್ತು. ಓದಿ ಮಡಿಸಿಟ್ಟೆ. ಮತ್ತೆ ತೆಗೆದು ಓದಿದೆ. ಕಿಟಕಿಯಲ್ಲಿ ಕದ್ದು ಕೇಳಿದ ಮಾತು ಯಾವತ್ತೂ ಪೂರ್ತಿ ಇರುವುದಿಲ್ಲ. ಡಾಕ್ಟರುಗಳು ದೊಡ್ಡದಾಗಿ ಹೇಳಿ ಹೆದರಿಸುತ್ತಾರೆ, ಆಮೇಲೆ ಗುಣವಾದರೆ ಹೆಸರು ಅವರಿಗೆ. ನಿನ್ನ ಅಜ್ಜಿಗೂ ಜೀವಮಾನವಿಡೀ ಕೆಮ್ಮಿತ್ತು. ಅವಳು ಎಂಬತ್ತು ದಾಟಿ, ಸಾಯುವ ದಿನವೂ ನನಗೆ ಬೈದು ಹೋದಳು.

ಇನ್ನು ಆ ಎಣ್ಣೆಯ ವಿಷಯ. ಸ್ವಾಮಿಗಳು ರಾಯಚೂರಿನ ಕಡೆ ಹೋಗಿದ್ದಾರೆ. ಯಾವಾಗ ಬರುತ್ತಾರೋ ತಿಳಿಯದು. ಬಂದ ಮೇಲೆ ನೋಡೋಣ. ನಿನ್ನ ವಯಸ್ಸಿಗೆ ಅದು ತಕ್ಕ ಮಾತೂ ಅಲ್ಲ. ನಮ್ಮ ಜನರ ರೀತಿ ನಿನಗೆ ಗೊತ್ತಿದೆಯಲ್ಲ. ನಾನು ಕೈಗಂಟೆ ಅಲ್ಲಾಡಿಸುತ್ತ ಸ್ವಾಮಿಗಳ ಮುಂದೆ ಓಣಿಯಲ್ಲಿ ಹೊರಟರೆ ಬಾಗಿಲಲ್ಲಿದ್ದವರು ಮೊಣಕಾಲೂರಿ, ಇವತ್ತು ಯಾರ ಮನೆ ಎಂದು ಪಿಸುಗುಡುತ್ತಾರೆ. ನಾವು ಆ ಮನೆ ಮುಟ್ಟುವ ಮೊದಲೇ ಯಾರೋ ಬಡಿಗನಿಗೆ ಪೆಟ್ಟಿಗೆಯ ಅಳತೆ ಹೇಳಿಕಳಿಸಿರುತ್ತಾರೆ. ಆ ಮಾತು ನಿನ್ನ ಹೆಸರಿನೊಂದಿಗೆ ಓಣಿಯಲ್ಲಿ ಓಡಾಡುವುದು ನನಗೆ ಬೇಡ.

ಪೀರ್‌ಸಾಬನ ಕೈಯಲ್ಲಿ ಗಡಿಗೆ ತುಪ್ಪ ಮತ್ತು ಶೇಂಗಾ ಉಂಡಿ ಕಳಿಸಿದ್ದೇನೆ. ಉಣ್ಣು, ಮಲಗು. ಲಾಲಪ್ಪನಿಗೆ ಪಾಳಿ ಮುಗಿದ ಕೂಡಲೇ ಮನೆಗೆ ಬರಲು ಹೇಳು.

ನಿನ್ನ ಅಪ್ಪ
ಇನ್ನಾಸಪ್ಪ


ಹಟ್ಟಿ
೮ ಜುಲೈ ೧೯೪೫

ಅಪ್ಪನವರಿಗೆ ಮಾರ್ತಾಳ ನಮಸ್ಕಾರ.

ತುಪ್ಪ ಮುಟ್ಟಿತು. ಉಂಡಿಗಳನ್ನು ಹೆಚ್ಚಾಗಿ ಚಾಂದ್‌ಬೀ ತಿಂದಳು, ನಾನೇ ತಿನ್ನಿಸಿದೆ. ನಮ್ಮ ಪಕ್ಕದ ಮನೆಯವಳು. ಅವಳ ಗಂಡನೂ ಇವರ ಪಾಳಿಯಲ್ಲೇ ಗಣಿಗೆ ಇಳಿಯುತ್ತಾನೆ. ಕ್ಷಯ ಎಂದು ತಿಳಿದ ಮೇಲೆ ಉಳಿದವರು ನಮ್ಮ ಬಾಗಿಲು ದಾಟುವಾಗ ಮೂಗಿಗೆ ಸೆರಗು ಹಿಡಿಯುತ್ತಾರೆ. ಇವಳು ಆಡಿನ ಹಾಲು ಹಿಡಿದು ಒಳಗೆ ಬರುತ್ತಾಳೆ, ಹಾಸಿಗೆ ಕೊಡವುತ್ತಾಳೆ, ಅಲ್ಲೇ ಮೂಲೆಯಲ್ಲಿ ತನ್ನ ನಮಾಜು ಮುಗಿಸುತ್ತಾಳೆ. "ನೀ ನಿಂದು ಮಾಡ್ಕೊ, ನಾ ನಂದು ಮಾಡ್ಕೊತೀನಿ. ಇಬ್ರೂ ಕೂಡಿ ಕೇಳಿದ್ರ ಅಂವ ಎಷ್ಟಂತ ಸುಮ್ಮ ಇರ್ತಾನ," ಎಂದಳು. ಮಸ್ಕಿಯಿಂದ ಅತ್ತೆ ಬಂದಿದ್ದರು. ಎರಡು ದಿನ ಇದ್ದು, ಅತ್ತು, ಹೊಲದ ಕೆಲಸವಿದೆ ಎಂದು ಹೋದರು. ಅವರ ಮೇಲೆ ನನಗೆ ಬೇಸರವಿಲ್ಲ. ಅಳುವುದನ್ನಾದರೂ ಮುಚ್ಚಿಡಲಿಲ್ಲ.

ಮೊದಲು ದಿನಕ್ಕೊಮ್ಮೆ ಜಪಸರ ಪೂರ್ತಿ ಹೇಳುತ್ತಿದ್ದೆ. ಈಗ ಹತ್ತು ಮಣಿ ದಾಟುವಷ್ಟು ಉಸಿರಿಲ್ಲ. ಒಂದು ಮಣಿ ಹಿಡಿದುಕೊಂಡು ಸುಮ್ಮನೆ ಮಲಗುತ್ತೇನೆ. ಆಗ ಜಪ ಹೇಳುತ್ತಿರುವವಳು ನಾನಲ್ಲ, ನನ್ನ ಪರವಾಗಿ ಬೇರೆ ಯಾರೋ ಹೇಳುತ್ತಿದ್ದಾರೆ ಅನ್ನಿಸುತ್ತದೆ. ಗಟ್ಟಿಮುಟ್ಟಾಗಿದ್ದಾಗ ಹೀಗೆ ಎಂದೂ ಅನ್ನಿಸಿರಲಿಲ್ಲ. ಆಗ ಎಲ್ಲವನ್ನೂ ನಾನೇ ಮಾಡುತ್ತಿದ್ದೆ, ದೇವರು ನೋಡುತ್ತ ಕೂತಿರುತ್ತಿದ್ದ. ಇದನ್ನು ನಿಮಗಲ್ಲದೆ ಇನ್ನು ಯಾರಿಗೆ ಬರೆಯಲಿ? ಇವರಿಗೆ ಹೇಳಿದರೆ ಜ್ವರ ತಲೆಗೇರಿತು ಎಂದು ಹಣೆ ಮುಟ್ಟಿ ನೋಡುತ್ತಾರೆ.

ಸ್ವಾಮಿಗಳು ಬಂದರೇ? ಜ್ಞಾನೋಪದೇಶದ ಪಾಠದಲ್ಲಿ ನೀವು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಆ ಎಣ್ಣೆ ಯಾತಕ್ಕೆ ಎಂದು ಕೇಳುತ್ತಿದ್ದಿರಿ. ಸಾಯಲಿಕ್ಕೆ ಎಂದ ಹುಡುಗರ ಕಿವಿ ಹಿಂಡುತ್ತಿದ್ದಿರಿ. ರೋಗಿಯ ಆತ್ಮಕ್ಕೂ ದೇಹಕ್ಕೂ ಬಲ ಕೊಡುವುದಕ್ಕೆ ಎಂದು ನಾನು ಸರಿಯಾಗಿ ಹೇಳಿ ಬೆಲ್ಲ ತಿಂದಿದ್ದೆ. ಈಗ ನಿಮ್ಮ ಕಿವಿಯನ್ನು ಯಾರು ಹಿಂಡಬೇಕು ಹೇಳಿ.

ನಿಮ್ಮ
ಮಾರ್ತಾ


ಮುದಗಲ್
೨೨ ಜುಲೈ ೧೯೪೫

ಮಾರ್ತಾ,

ಸ್ವಾಮಿಗಳು ಬಂದರು. ಆದರೆ ಚಳಿಜ್ವರ ಹಿಡಿದು ಮಲಗಿದ್ದಾರೆ. ಲಿಂಗಸೂಗೂರಿನ ದಾರಿಯ ಹಳ್ಳವೂ ತುಂಬಿ ಮೋಟಾರು ಒಂದು ದಿನ ಹೋದರೆ ಎರಡು ದಿನ ನಿಲ್ಲುತ್ತದೆ. ಮಳೆ ತಗ್ಗಲಿ.

ಪಾಠದ ಮಾತನ್ನು ನನಗೇ ತಿರುಗಿಸಿದ್ದೀಯ. ಪಾಠದಲ್ಲಿ ಹೇಳಿದ್ದು ಸುಳ್ಳಲ್ಲ, ನನಗೆ ಗೊತ್ತು. ಆದರೆ ನಾನು ನೋಡಿದ್ದನ್ನೂ ಕೇಳು. ಇಷ್ಟು ವರ್ಷ ಆ ಗಂಟೆ ಹಿಡಿದು ಸ್ವಾಮಿಗಳ ಮುಂದೆ ನಡೆದಿದ್ದೇನೆ. ಎಷ್ಟು ಮನೆ ಹೊಕ್ಕೆನೋ. ಎಣ್ಣೆ ಹಚ್ಚಿಸಿಕೊಂಡವರಲ್ಲಿ ಒಬ್ಬರಾದರೂ ಎದ್ದು ಬಂದು ಗುಡಿಯಲ್ಲಿ ಮೊಣಕಾಲೂರಿದ್ದನ್ನು ಕಾಣಲಿಲ್ಲ. ಮರುದಿನವೋ ನಾಲ್ಕು ದಿನಕ್ಕೋ ಅದೇ ಮನೆಗೆ ಮಣ್ಣಿನ ಜಪಕ್ಕೆ ಹೋಗಿದ್ದೇನೆ. ನಿಮ್ಮಮ್ಮನಿಗೂ ನಾನೇ ಓಡಿಹೋಗಿ ಸ್ವಾಮಿಗಳನ್ನು ಕರೆತಂದೆ. ಅವರನ್ನು ಗುಡಿಗೆ ಬಿಟ್ಟು ಹಿಂದಿರುಗುವಷ್ಟರಲ್ಲಿ ಅವಳಿರಲಿಲ್ಲ. ಅವತ್ತು ಕರೆಯದೇ ಇದ್ದಿದ್ದರೆ ಎಂಬ ಮಾತು ಈಗಲೂ ನನ್ನ ಬೆನ್ನು ಬಿಟ್ಟಿಲ್ಲ. ಉಪದೇಶಿಯ ಬಾಯಲ್ಲಿ ಬರಬಾರದ ಮಾತು, ಅದಕ್ಕೇ ಯಾರ ಮುಂದೂ ಆಡಿಲ್ಲ.

ಆ ಎಣ್ಣೆಯ ಬಟ್ಟಲು ಹಿಡಿದು ನಿನ್ನ ಹಾಸಿಗೆಯ ಹತ್ತಿರ ಬರಲು ನನ್ನ ಕಾಲು ಏಳುವುದಿಲ್ಲ. ಬೆಲ್ಲವನ್ನೂ ಗೋಧಿ ಹಿಟ್ಟನ್ನೂ ಕಳಿಸಿದ್ದೇನೆ.

ಅಪ್ಪ


ಹಟ್ಟಿ
೧೮ ಆಗಸ್ಟ್ ೧೯೪೫

ಅಪ್ಪನವರಿಗೆ,

ಮೊನ್ನೆ ಸ್ವಾಮಿಗಳು ತಾವಾಗಿಯೇ ಹಟ್ಟಿಗೆ ಬಂದಿದ್ದರು. ಮಾತೆ ಮರಿಯಮ್ಮನವರ ಹಬ್ಬವನ್ನು ಮುದಗಲ್ಲಿನಲ್ಲಿ ಮುಗಿಸಿ, ಗಣಿಯಲ್ಲಿ ದುಡಿಯುವ ನಮ್ಮವರ ನಾಲ್ಕಾರು ಮನೆಗಳನ್ನು ನೋಡಿಹೋಗಲು ಬಂದವರು, ಹಾಸಿಗೆಯಲ್ಲಿದ್ದ ನನ್ನನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟರು. ನಾನು ಮಲಗಿರುವುದೇ ಅವರಿಗೆ ತಿಳಿದಿರಲಿಲ್ಲ. ನಿಮ್ಮ ಜ್ವರ ಬಿಟ್ಟಿತೇ ಎಂದು ಕೇಳಿದೆ. ಯಾವ ಜ್ವರ ಎಂದರು. ರಾಯಚೂರಿಗೆ ಹೋಗಿದ್ದಿರಂತಲ್ಲ ಎಂದೆ. ಈಸ್ಟರ್ ಆದ ಮೇಲೆ ಮುದಗಲ್ ಬಿಟ್ಟು ಎಲ್ಲಿಗೂ ಹೋಗಿಲ್ಲವಂತೆ. ಉಪದೇಶಿಗಳೇ, ಸುಳ್ಳು ಹೇಳಬಾರದೆಂಬುದು ದೇವರ ಎಷ್ಟನೆಯ ಕಟ್ಟಳೆ?

ಸಿಟ್ಟು ಬಂತು ಅಪ್ಪ. ಬಹಳ ಬಂತು. ಇಷ್ಟು ದಿನ ಮೋಟಾರಿನ ಸದ್ದಾದಾಗಲೆಲ್ಲ ನೀವು ಬಂದಿರೆಂದು ತಲೆಗೂದಲು ಸರಿಮಾಡಿಕೊಂಡಿದ್ದೇನೆ. ಆಮೇಲೆ ನಿಮ್ಮ ಜುಲೈ ತಿಂಗಳ ಕಾಗದ ತೆಗೆದು ಓದಿದೆ. ಸಿಟ್ಟು ಇಳಿಯಿತು.

ಪಾಪನಿವೇದನೆ ಮಾಡಿದೆ, ಸತ್ಪ್ರಸಾದ ತೆಗೆದುಕೊಂಡೆ. ಎಣ್ಣೆಯೂ ಅವರ ಚೀಲದಲ್ಲಿತ್ತು. ಬೇಡ ಎಂದೆ. ಅವರಿಗೆ ಅರ್ಥವಾಗಲಿಲ್ಲ, ಗದರಿದರು. ನಮ್ಮಪ್ಪ ಬಂದ ದಿನ ಹಚ್ಚಿಸಿಕೊಳ್ಳುತ್ತೇನೆ, ಅಲ್ಲಿಯವರೆಗೆ ದೇವರು ನನ್ನನ್ನು ಇಡುತ್ತಾನೆ ಎಂದೆ. ಇಡುತ್ತಾನೋ ಇಲ್ಲವೋ ನನಗೂ ಗೊತ್ತಿಲ್ಲ. ಆ ಹೆದರಿಕೆಯನ್ನು ನಿಮಗೋಸ್ಕರ ಹೊತ್ತುಕೊಂಡಿದ್ದೇನೆ.

ಯಾಕೆ ಎಂದು ಕೇಳಿ. ಅಮ್ಮ ಹೋದಾಗ ನಾನು ಸಣ್ಣವಳು. ಜ್ವರದಲ್ಲಿ ಅವಳು ಹಾಸಿಗೆ ಪರಚುತ್ತಿದ್ದಳು, ನನ್ನ ಗುರುತೂ ಹಿಡಿಯುತ್ತಿರಲಿಲ್ಲ. ಸ್ವಾಮಿಗಳು ಎಣ್ಣೆ ಹಚ್ಚಿದರು. ನೀವು ಗಂಟೆ ಹಿಡಿದು ಅವರನ್ನು ಗುಡಿಗೆ ಕರೆದುಕೊಂಡು ಹೋದಿರಿ. ಅದು ನಿಮ್ಮ ಕೆಲಸ, ತಪ್ಪಲ್ಲ. ನೀವು ಹೋದ ಮೇಲೆ ಅಮ್ಮ ಕಣ್ಣು ಬಿಟ್ಟಳು. "ಯವ್ವಾ, ತಲಿ ಯಾಕ ಹಿಂಗ ಕೆದರೈತಿ, ಬಾ ಇಲ್ಲೆ," ಎಂದಳು. ಮಲಗಿದಲ್ಲೇ ನನಗೆ ಹೆರಳು ಹಾಕಿದಳು. ಒಂದು ಕಡೆ ಸೊಟ್ಟಗೆ ಬಂತು. ಅಪ್ಪ ಬಂದರೆ ಉಣ್ಣಲು ನೀಡು ಎಂದಳು. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ. ನಾನು ಅವಳ ಮಗ್ಗುಲಲ್ಲಿ ನಿದ್ದೆ ಹೋದೆ. ನೀವು ಬಂದು ನನ್ನನ್ನು ಎತ್ತಿಕೊಂಡಾಗಲೇ ಎಚ್ಚರ. ಇದನ್ನು ನಿಮಗೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎನ್ನುತ್ತೀರಾ, ನೀವು ಅಮ್ಮನ ಹೆಸರೆತ್ತಲು ಬಿಟ್ಟಿದ್ದರೆ ತಾನೇ.

ಎಲ್ಲ ಮನೆಯಲ್ಲೂ ಹೀಗೇ ಅಲ್ಲವೇ? ಸ್ವಾಮಿಗಳೊಂದಿಗೆ ಹೋಗುತ್ತೀರಿ, ಸ್ವಾಮಿಗಳೊಂದಿಗೆ ಹಿಂದಿರುಗುತ್ತೀರಿ. ಎಣ್ಣೆ ಹಚ್ಚುವುದನ್ನು ನೋಡಿದ್ದೀರಿ, ಆಮೇಲೆ ಹೆಣ ನೋಡಿದ್ದೀರಿ. ನಡುವಿನ ಹೊತ್ತನ್ನು ಯಾರ ಮನೆಯಲ್ಲೂ ಕೂತು ನೋಡಿಲ್ಲ. ನೀವಿಲ್ಲದಾಗ ಹಚ್ಚಿಸಿಕೊಂಡು ನಾನು ಹೋದರೆ, ಮಗಳನ್ನೂ ಆ ಎಣ್ಣೆಯೇ ತಿಂದಿತೆಂದು ಗಂಟೆಯನ್ನು ಕೆಳಗಿಡುತ್ತೀರಿ. ಆಮೇಲೆ ಮುದಗಲ್ಲಿನ ರೋಗಿಗಳ ಗತಿಯೇನು? ಅದಕ್ಕೇ ಕೇಳುತ್ತೇನೆ. ಬನ್ನಿ. ಹಚ್ಚಿದ ಮೇಲೆ ಸ್ವಾಮಿಗಳು ಒಬ್ಬರೇ ಮೋಟಾರು ಹತ್ತಲಿ. ನೀವು ನನ್ನ ಹತ್ತಿರ ಉಳಿಯಿರಿ.

ಮಾರ್ತಾ


ಹಟ್ಟಿ
೯ ಸೆಪ್ಟೆಂಬರ್ ೧೯೪೫

ಮಾವನವರಿಗೆ ಲಾಲಪ್ಪನ ನಮಸ್ಕಾರಗಳು.

ನನ್ನ ಅಕ್ಷರ ಸರಿಯಿಲ್ಲ. ಮಾರ್ತಾ ಪೆನ್ಸಿಲು ಹಿಡಿಯುವ ಹಾಗಿಲ್ಲ, ಆದ್ದರಿಂದ ನಾನೇ ಬರೆಯುತ್ತಿದ್ದೇನೆ. ನೀವು ಕಳಿಸಿದ ಇನ್ನೊಂದು ಬೆಲ್ಲದ ಗಂಟು ಬಂತು. ಅವಳು ಅದನ್ನು ಬಿಚ್ಚಿಸಿ, ಬಟ್ಟೆ ಕೊಡವಿಸಿ, ಒಳಗೆ ಕಾಗದವಿದೆಯೇ ಎಂದು ನೋಡಿದಳು. ಇರಲಿಲ್ಲ. ಬೆಲ್ಲ ಬಹಳ ಚಲೋ ಇದೆ ಎಂದಳು. ಆಮೇಲೆ ಗೋಡೆಯ ಕಡೆ ತಿರುಗಿದಳು.

ಮಾವ, ನಾನು ಮಸ್ಕಿಯ ಶರಣರ ಮನೆಯಲ್ಲಿ ಹುಟ್ಟಿದವನು. ನಿಮ್ಮ ಧರ್ಮಕ್ಕೆ ಬಂದದ್ದು ಅವಳ ಸಲುವಾಗಿ. ನನಗೆ ಎಣ್ಣೆಯ ವಿಷಯ ಹೆಚ್ಚು ತಿಳಿಯದು. ಅವಳು ನಿಮ್ಮ ದಾರಿ ನೋಡುತ್ತಿದ್ದಾಳೆ ಎಂಬುದಷ್ಟೇ ತಿಳಿಯುತ್ತದೆ. ನಾನು ಪಾಳಿಗೆ ಹೋಗುವಾಗ ಅವಳು ದಿನಾ ಹೇಳುವ ಮಾತು ಒಂದೇ: "ಅಪ್ಪ ಬಂದ್ರ ನನ್ನ ಎಬ್ಬಸ್ರಿ, ಮಲಗ್ಯಾಳಂತ ಬಿಡಬ್ಯಾಡ್ರಿ." ಬನ್ನಿ ಮಾವ.

ಲಾಲಪ್ಪ


ಮುದಗಲ್
೧೪ ಸೆಪ್ಟೆಂಬರ್ ೧೯೪೫

ಲಾಲಪ್ಪನಿಗೆ ಆಶೀರ್ವಾದ.

ಇವತ್ತು ಪವಿತ್ರ ಶಿಲುಬೆಯ ಹಬ್ಬ. ಪೂಜೆ ಮುಗಿದ ಮೇಲೆ ಸ್ವಾಮಿಗಳ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಸೋಮವಾರದ ಮೋಟಾರಿಗೆ ಇಬ್ಬರೂ ಬರುತ್ತೇವೆ. ಹಳ್ಳ ತುಂಬಿದ್ದರೆ ನಡೆದು ದಾಟುತ್ತೇವೆ. ಅವಳಿಗೆ ಹೇಳು. ನಾನು ಉಳಿಯುತ್ತೇನೆಂದೂ ಹೇಳು.

ಇನ್ನಾಸಪ್ಪ


ಮುದಗಲ್
೩ ಅಕ್ಟೋಬರ್ ೧೯೪೫

ನನ್ನ ಮಗಳು ಮಾರ್ತಾಳಿಗೆ,

ಸುಖವಾಗಿ ಊರು ಮುಟ್ಟಿದೆ. ಪೀರ್‌ಸಾಬ್ ನನ್ನನ್ನು ತನ್ನ ಪಕ್ಕದಲ್ಲೇ ಕೂರಿಸಿಕೊಂಡು, ಮಗಳು ಹೇಗಿದ್ದಾಳೆಂದು ಕೇಳಿದ. ಎದ್ದು ಕೂತಿದ್ದಾಳೆ ಎಂದೆ. ಹೇಳುವಾಗ ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

ನೀನು ಹೇಳಿದ ಹಾಗೆ ಕೂತು ನೋಡಿದೆ. ಸ್ವಾಮಿಗಳು ಹೊರಟಾಗ ನನ್ನ ಕಾಲುಗಳು ತಾವಾಗಿ ಅವರ ಹಿಂದೆ ಎದ್ದವು, ಅಭ್ಯಾಸ ನೋಡು. ನೀನು ನನ್ನ ಅಂಗಿಯ ತುದಿ ಹಿಡಿದೆ. ಕೂತೆ. ಈಗ ಉಸಿರು ನಿಲ್ಲುತ್ತದೆ, ಈಗ ನಿಲ್ಲುತ್ತದೆ ಎಂದು ನಿನ್ನ ಎದೆಯನ್ನೇ ನೋಡುತ್ತಿದ್ದೆ. ನೀನು ನಿದ್ದೆ ಹೋದೆ. ಎಷ್ಟೋ ದಿನಕ್ಕೆ ಇಷ್ಟು ನೆಟ್ಟಗೆ ಮಲಗಿದಳು ಎಂದು ಚಾಂದ್‌ಬೀ ಹೇಳಿದಳು. ಎದ್ದವಳು ಪುಂಡಿ ಪಲ್ಯ ಕೇಳಿದೆ. ಲಾಲಪ್ಪ ಅದನ್ನು ಹುಡುಕಿಕೊಂಡು ಗುರುಗುಂಟಾದವರೆಗೆ ಹೋದ. ತಂದು ಮಾಡಿದ ಮೇಲೆ ನೀನು ತಿಂದದ್ದು ಎರಡೇ ತುತ್ತು, ಉಳಿದದ್ದನ್ನು ಅವನು 'ತಿನ್ನುವುದಿಲ್ಲ' ಎನ್ನುತ್ತಲೇ ತಿಂದು ಮುಗಿಸಿದ. ಅವತ್ತು ನಾವು ಮೂವರೂ ನಕ್ಕೆವು. ಎಣ್ಣೆ ಹಚ್ಚಿದ ಮನೆಯಲ್ಲಿ ನಗು ಇರುತ್ತದೆಂದು ಈ ವಯಸ್ಸಿನಲ್ಲಿ ತಿಳಿಯಿತು.

ಆಮೇಲೆ ಹೆದರಿಕೆ ಹೋಯಿತೇ ಎಂದು ನಾನು ಕೇಳಿದ್ದು, ನೀನು ಹೇಳಿದ್ದು ಕಿವಿಯಲ್ಲೇ ಇದೆ. "ಹೋಗಿಲ್ಲಪ್ಪ. ಮೊದ್ಲ ಅದು ನನ್ನ ಎದಿ ಮ್ಯಾಲ ಕುಂತಿತ್ತು, ಈಗ ಬಾಗಲದಾಗ ಕುಂತೈತಿ. ನಡುವ ಆ ದೇವ್ರು ಅದಾನ." ನಿಮ್ಮಮ್ಮನೂ ಹೀಗೇ ಇದ್ದಳೇ ಎಂದು ಕೇಳಬೇಕೆಂದಿದ್ದೆ. ಕೇಳಲಾಗಲಿಲ್ಲ, ಅಳು ಬಂತು.

ನೀನು ದಿನದಿನಕ್ಕೆ ಚೇತರಿಸಿಕೊಂಡದ್ದನ್ನು ಕಣ್ಣಾರೆ ಕಂಡೆ. ಇಲ್ಲಿ ಓಣಿಯವರಿಗೆಲ್ಲ ಹೇಳಿದ್ದೇನೆ, ನನ್ನ ಮಗಳು ಗುಣವಾಗುತ್ತಾಳೆ, ಎಣ್ಣೆಗೆ ಅಂಜುವ ಕೆಲಸವಿಲ್ಲ ಎಂದು. ಕ್ರಿಸ್ಮಸ್ ಹಬ್ಬಕ್ಕೆ ನೀನು ಇಲ್ಲಿರುತ್ತೀಯ.

ಅಪ್ಪ


ಹಟ್ಟಿ
೨೮ ಅಕ್ಟೋಬರ್ ೧೯೪೫

ಅಪ್ಪ,

ಸ್ವಲ್ಪ ಸ್ವಲ್ಪವಾಗಿ ಎರಡು ಮೂರು ದಿನ ಬರೆದ ಕಾಗದವಿದು. ಅಕ್ಷರ ಅಡ್ಡಾದಿಡ್ಡಿ ಇದ್ದರೆ ಕಿವಿ ಹಿಂಡಬೇಡಿ.

ಬೆಳಿಗ್ಗೆ ಬಿಸಿಲಿಗೆ ಬಾಗಿಲ ಹೊರಗೆ ಕೂತಿದ್ದೆ. ಮೂಗಿಗೆ ಸೆರಗು ಹಿಡಿಯುವವರು ಈಗಲೂ ಹಿಡಿಯುತ್ತಾರೆ. ನಾನು ಅವರಿಗೆ ನಮಸ್ಕಾರ ಮಾಡುತ್ತೇನೆ, ಅವರು ಸೆರಗು ಬಿಟ್ಟು ಕೈಮುಗಿಯಬೇಕಾಗುತ್ತದೆ. ಇದೊಂದು ನನಗೆ ಸಿಕ್ಕಿರುವ ಆಟ. ಇನ್ನೊಂದು ನೆನಪಾದಾಗಲೂ ನಗು ಬರುತ್ತದೆ. ಇಷ್ಟು ಜನರ ಹಾಸಿಗೆಯ ಪಕ್ಕ ಪಾಪಕ್ಕೆ ಕ್ಷಮೆ ಬೇಡುವ ಜಪವನ್ನು ಕಣ್ಣುಮುಚ್ಚಿ ಹೇಳಿದವರು, ನನ್ನ ಪಕ್ಕ ನಿಂತು ಮೊದಲ ಮಾತಿಗೇ ತಡವರಿಸಿದಿರಿ. ಸ್ವಾಮಿಗಳು ನಿಮ್ಮ ಮುಖ ನೋಡುತ್ತಾರೆ, ನೀವು ನನ್ನ ಮುಖ ನೋಡುತ್ತೀರಿ. ಕಡೆಗೆ ರೋಗಿಯೇ ಎಲ್ಲವನ್ನೂ ಹೇಳಬೇಕಾಯಿತು. ಅಷ್ಟು ಉಸಿರು ನನ್ನಲ್ಲಿ ಎಲ್ಲಿತ್ತೋ ತಿಳಿಯದು. ನನ್ನದಂತೂ ಅಲ್ಲ.

ಈಗ ನಗದೇ ಹೇಳುತ್ತೇನೆ. ನಾನು ಗುಣವಾಗುತ್ತೇನೆಂದು ಓಣಿಯವರಿಗೆ ಹೇಳಬೇಡಿ. ಗುಣವಾಗುವುದಿಲ್ಲ ಅಪ್ಪ. ನಿನ್ನೆ ಮತ್ತೆ ರಕ್ತ ಬಿತ್ತು. ಇವರಿಗೆ ಕಾಣದಂತೆ ಚಾಂದ್‌ಬೀ ಒಗೆದಳು. ಮಗಳು ಬದುಕಿದಳೆಂದು ನೀವು ಜನರನ್ನು ನಂಬಿಸಿ, ಆಮೇಲೆ ನಾನು ಹೋದರೆ, ಎಣ್ಣೆಯೂ ಸುಳ್ಳು ಉಪದೇಶಿಯೂ ಸುಳ್ಳು ಎಂದಾಗುತ್ತದೆ. ಬದುಕು ಕೇಳಿ ನಾನು ಅದನ್ನು ಹಚ್ಚಿಸಿಕೊಳ್ಳಲಿಲ್ಲ. ಹಾಗೆಂದು ಬದುಕಿರಬೇಕೆಂಬ ಆಸೆ ಇಲ್ಲವೆಂದಲ್ಲ. ಇವರು ಪಾಳಿ ಮುಗಿಸಿ ಮೈತುಂಬ ಧೂಳಿನಲ್ಲಿ ಬಾಗಿಲಲ್ಲಿ ನಿಂತಾಗ ಆ ಆಸೆ ಎಷ್ಟಾಗುತ್ತದೆಂದರೆ, ದೇವರ ಮೇಲೆ ಜಗಳಕ್ಕೇ ಹೋಗುತ್ತೇನೆ. ಜಗಳವಾಡಿ ಸುಸ್ತಾದ ಮೇಲೂ ಆತ ಅಲ್ಲೇ ಇರುತ್ತಾನೆ. ನನಗೆ ಸಿಕ್ಕ ಬಲ ಇಷ್ಟೇ. ಜನರಿಗೆ ಹೇಳುವುದಾದರೆ ಇದನ್ನು ಹೇಳಿ.

ಇವರಿಗೆ ಜಪ ಬಾಯಿಗೆ ಬರುವುದಿಲ್ಲ. ಬೈಯಬೇಡಿ. ನಾನು ಹೋದ ಮೇಲೆ ಕಲಿಸಿ.

ನಿಮ್ಮ ಮಾರ್ತಾ


ಹಟ್ಟಿ
೩ ಡಿಸೆಂಬರ್ ೧೯೪೫

ಮಾವನವರಿಗೆ ಲಾಲಪ್ಪ ಮಾಡುವ ನಮಸ್ಕಾರ.

ಮಣ್ಣು ಮಾಡಿದ ದಿನ ನೀವೂ ಸ್ವಾಮಿಗಳೂ ಇಲ್ಲೇ ಇದ್ದಿರಿ. ಅವತ್ತು ಹೇಳಬೇಕೆಂದು ಎರಡು ಸಲ ನಿಮ್ಮ ಹತ್ತಿರ ಬಂದು ತಿರುಗಿ ಹೋದೆ. ಎದುರಿಗೆ ಹೇಳಲಾಗದ್ದನ್ನು ಬರೆಯುತ್ತಿದ್ದೇನೆ.

ಬುಧವಾರ ಮಧ್ಯಾಹ್ನ ನಾನು ಪಾಳಿ ಮುಗಿಸಿ ಬಂದೆ. ಚಾಂದ್‌ಬೀ ಅವಳನ್ನು ಒರಗಿಸಿ ಕೂರಿಸಿದ್ದಳು, ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ನನ್ನನ್ನು ಕಂಡು ಕೈ ನೀಡಿದಳು. ಕೈ ತೊಳೆದಿಲ್ಲ ಎಂದೆ. ಹಾಗೇ ಬಾ ಎಂದು ಕಣ್ಣಲ್ಲೇ ಕರೆದಳು. ಪರಲೋಕ ಜಪ ಹೇಳಲು ಹೇಳಿದಳು. ಮದುವೆಗೆ ಮುಂಚೆ ನೀವು ನನಗೆ ಕಲಿಸಿದ್ದು ಅದೊಂದೇ. ಶುರು ಮಾಡಿದೆ. ನಮ್ಮ ತಂದೆಯೇ ಎಂಬುದರಿಂದ ಸರಿಯಾಗಿಯೇ ಬಂದೆ. ನಿನ್ನ ಇಷ್ಟದಂತೆ ಆಗಲಿ ಎನ್ನುವ ಜಾಗಕ್ಕೆ ಬಂದು ನಿಂತೆ.

ಅವಳು ಕಾದಳು. ಮರೆತೆ ಎಂದೆ. ಮಾವ, ಮರೆತಿರಲಿಲ್ಲ. ಆ ಮಾತು ನಾಲಿಗೆಯ ಮೇಲೇ ಇತ್ತು. ಹೇಳಿದರೆ ನಾನೇ ಅವಳನ್ನು ಕಳಿಸಿಕೊಟ್ಟ ಹಾಗೆ ಆಗುತ್ತದೆ ಅನ್ನಿಸಿತು. ಹೇಳಲು ಮನಸ್ಸು ಒಪ್ಪಲಿಲ್ಲ. ಅವಳು ನನ್ನ ಕೈಯನ್ನು ಒಮ್ಮೆ ಒತ್ತಿ, ಉಳಿದದ್ದನ್ನು ತಾನೇ ಹೇಳಿದಳು. ಒಂದೊಂದು ಮಾತಿಗೂ ಒಂದೊಂದು ಉಸಿರು ತೆಗೆದುಕೊಂಡು ಕೊನೆಯವರೆಗೂ ಹೇಳಿದಳು. ಆಮೆನ್ ಎಂದಳು. ಸ್ವಲ್ಪ ಹೊತ್ತಾದ ಮೇಲೆ ಹೋದಳು.

ನಾನು ಸುಳ್ಳು ಹೇಳಿದೆ, ಜಪ ಅರ್ಧಕ್ಕೆ ಬಿಟ್ಟೆ. ಅವಳ ಕಡೆಯ ಜಪ ನನ್ನಿಂದ ಕೆಟ್ಟಿತೇ? ದೇವರ ಹತ್ತಿರ ಅದು ಸಲ್ಲಿತೇ? ನಿಮಗೆ ತಿಳಿದೀತೆಂದು ಕೇಳುತ್ತಿದ್ದೇನೆ.

ನಿಮ್ಮ ಅಳಿಯ
ಲಾಲಪ್ಪ


ಮುದಗಲ್
೨೦ ಡಿಸೆಂಬರ್ ೧೯೪೫

ನನ್ನ ಮಗ ಲಾಲಪ್ಪನಿಗೆ,

ನಿನ್ನ ಕಾಗದ ಬಂದಾಗ ಊರಿನಲ್ಲಿ ಮೊಹರಂ ಶುರುವಾಗಿತ್ತು. ಪೀರ್‌ಸಾಬ್ ಜನರ ನಡುವೆ ನುಗ್ಗಿ ಬಂದು ಕೈಗೆ ಕೊಟ್ಟು, ನಿಲ್ಲದೆ ಹೋದ. ಉತ್ತರ ಬರೆಯಲು ಇಷ್ಟು ದಿನ ಹಿಡಿದದ್ದು ನಿನ್ನ ಮೇಲಿನ ಸಿಟ್ಟಿನಿಂದಲ್ಲ. ನನಗೂ ಉತ್ತರ ಗೊತ್ತಿರಲಿಲ್ಲ.

ಅವಳನ್ನು ಮಣ್ಣು ಮಾಡಿ ಬಂದ ಮರುದಿನವೇ ಸ್ವಾಮಿಗಳಿಗೆ, ಬೇರೆ ಉಪದೇಶಿಯನ್ನು ನೋಡಿಕೊಳ್ಳಿ ಎಂದೆ. ಅವರು ಇನ್ನೂ ಯಾರನ್ನೂ ನೋಡಿಲ್ಲ. ಭಾನುವಾರ ಜನರ ಮುಂದೆ ನಿಂತು ಜಪ ಹೇಳಿಸುವವನು ನಾನೇ ತಾನೇ. ನೀನು ನಿಂತ ಆ ಜಾಗ ಬಂದಾಗ ನಾನು ಕೆಮ್ಮಿದ ಹಾಗೆ ಮಾಡುತ್ತೇನೆ. ಜನ ಮುಂದುವರಿಸುತ್ತಾರೆ. ಯಾರಿಗೂ ತಿಳಿಯುವುದಿಲ್ಲ. ಅವಳನ್ನು ಮಣ್ಣಿಗೆ ಇಟ್ಟಾಗಿನಿಂದ ಆ ಮಾತು ನನ್ನ ಬಾಯಿಂದಲೂ ಬಂದಿರಲಿಲ್ಲ.

ನಿನ್ನೆ ಮುಂಜಾನೆ ನಮ್ಮ ಕೆಳಗಿನ ಓಣಿಯ ಮುದುಕಪ್ಪನ ಹೆಂಡತಿ ಬಂದಳು. ಮುದುಕಪ್ಪನಿಗೆ ಕಾಲು ಬಾತು ಹೊಟ್ಟೆಗೆ ಏರಿದೆ. ಇನ್ನೂ ಮಾತಾಡುತ್ತಾನೆ, ಗಂಜಿ ಕುಡಿಯುತ್ತಾನೆ. "ಈಗ್ಲೇ ಎಣ್ಣಿ ಹಚ್ಚಸ್ರಿ ಅಂತಾನ್ರಿ. ನಿಮ್ಮ ಮಾರ್ತಾ ಹಚ್ಚಿಸ್ಕೊಂಡಂಗ," ಎಂದಳು. ನಮ್ಮ ಓಣಿಯಲ್ಲಿ ಇಷ್ಟು ಮುಂಚೆ ಯಾರೂ ಕರೆದದ್ದಿಲ್ಲ. ನಾನು ಹೋಗಲಾರೆ ಎನ್ನಲು ಬಾಯಿ ತೆರೆದೆ. ನಿಮ್ಮ ಮಗಳು ಸತ್ತಳಲ್ಲ ಎಂದು ಅವಳು ಕೇಳಲಿಲ್ಲ. ಅದು ಅವಳಿಗೂ ಗೊತ್ತು. ಗೊತ್ತಿದ್ದೇ ಬಂದಿದ್ದಳು.

ಹೋದೆ. ಕೆಲಸ ಮುಗಿದ ಮೇಲೆ ಸ್ವಾಮಿಗಳನ್ನು ಒಬ್ಬರನ್ನೇ ಕಳಿಸಿ ಮುದುಕಪ್ಪನ ಹತ್ತಿರ ಕೂತೆ. ಅವನು ಬಹಳ ಹೆದರಿದ್ದ. ನನಗೆ ಗುಣವಾಗುತ್ತದೆಯೇ ಎಂದ. ಗೊತ್ತಿಲ್ಲ ಎಂದೆ. ನಿಮ್ಮ ಮಗಳು ಹೆದರಲಿಲ್ಲವೇ ಎಂದ. ಹೆದರಿದ್ದಳು, ಆದರೆ ಒಬ್ಬಳೇ ಇರಲಿಲ್ಲ ಎಂದೆ. ಆಗ ಅವನು ನನ್ನ ಕೈ ಹಿಡಿದು, ಪರಲೋಕ ಜಪ ಹೇಳಿಸಲು ಕೇಳಿದ. ನಾನು ಒಂದೊಂದು ಮಾತು ಹೇಳಿದೆ, ಅವನು ನನ್ನ ಬಾಯನ್ನೇ ನೋಡುತ್ತ ಹಿಂದೆ ಹಿಂದೆ ಹೇಳಿದ. ಆ ಜಾಗ ಬಂತು. ಅಲ್ಲಿ ಮುಂದುವರಿಸಲು ಬೇರೆ ಯಾರೂ ಇರಲಿಲ್ಲ. ನಾನು ನಿಂತರೆ ಅವನೂ ನಿಲ್ಲುತ್ತಿದ್ದ. ಹೇಳಿದೆ. ಒಪ್ಪಿ ಹೇಳಿದೆನೆಂದು ನಿನಗೆ ಬರೆಯಲಾರೆ ಲಾಲಪ್ಪ. ಹೇಳಿದೆ ಅಷ್ಟೇ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ.

ನಿನ್ನ ಪ್ರಶ್ನೆಗೆ ಉತ್ತರ ನನಗೆ ಅಲ್ಲಿ ಸಿಕ್ಕಿತು. ಅವಳ ಜಪ ಕೆಡಲಿಲ್ಲ, ಸಲ್ಲಿತು. ನಿನಗೆ ಹೇಳಲಾಗದ್ದನ್ನು ನಿನ್ನ ಪರವಾಗಿ ಅವಳು ಹೇಳಿದಳು, ಅವಳಿಗೆ ಉಸಿರು ಸಾಲದಾದಾಗ ಅವಳ ಪರವಾಗಿ ಆ ದೇವರೇ ಹೇಳಿದ. ಇದಕ್ಕಿಂತ ಹೆಚ್ಚು ನಿನ್ನ ಮಾವನಿಗೂ ತಿಳಿಯದು. ನೀನು ಮರೆತೆ ಅಂದದ್ದನ್ನು ಅವಳು ನಂಬಿರಲಾರಳು. ನಂಬಿದ್ದರೆ ಕೈ ಒತ್ತುತ್ತಿರಲಿಲ್ಲ.

ಬರುವ ಭಾನುವಾರ ಪಾಳಿ ಬಿಟ್ಟು ಬಾ. ಪೂಜೆಯಲ್ಲಿ ನನ್ನ ಪಕ್ಕದಲ್ಲೇ ನಿಲ್ಲು. ಆ ಜಾಗ ಬಂದಾಗ ಒಬ್ಬನಿಗೆ ದನಿ ನಿಂತರೆ ಇನ್ನೊಬ್ಬ ಹೇಳಬೇಕು. ಇನ್ನು ನಮಗೆ ಉಳಿದದ್ದನ್ನು ಹೇಳಿಕೊಡಲು ಅವಳಿಲ್ಲ.

ನಿನ್ನ ಮಾವ
ಇನ್ನಾಸಪ್ಪ